ಅಕ್ಕನ ಪಾಲು

ಪುಣೆಯ ಖಡಕಿಯಲ್ಲಿ ಕಾರ್ಖಾನೆಯ ಸೈರನ್ನು, ಇಲ್ಲಿಯವರ ಬಾಯಲ್ಲಿ ಭೋಂಗಾ, ಕೂಗಲು ಇನ್ನೂ ಹೊತ್ತಿದೆ. ಕ್ವಾರ್ಟರ್ಸಿನ ಗೋಡೆಗೆ ಒರಗಿ ನಿಂತ ತಳ್ಳುಗಾಡಿಯ ಮುಂದೆ ಮಾಂತು ಆಗಲೇ ಇಸ್ತ್ರಿ ಪೆಟ್ಟಿಗೆಯ ಇದ್ದಲಿಗೆ ಗಾಳಿ ಹಾಕುತ್ತಿದ್ದಾರೆ. ಬೂದಿ ಮೂಗಿಗೆ ಹೋಗಬಾರದೆಂದು ಬಾಯಿ ಮೂಗು ಮುಚ್ಚಿ ಬಿಳಿ ಅರಿವೆ ಕಟ್ಟಿದ್ದಾರೆ. ಕಂಬಳಿಯ ಮೇಲೆ ಖಾಕಿ ಪ್ಯಾಂಟೊಂದು ಕಾಲು ಚಾಚಿ ಮಲಗಿದೆ. ನೀರು ಚಿಮುಕಿಸಿ ಪೆಟ್ಟಿಗೆ ಓಡಿಸಿದರೆ ಮೂಡುವ ಗೆರೆ ಇದೆಯಲ್ಲ, ಅದರಿಂದ ಬೆರಳು ಕೊಯ್ದುಕೊಳ್ಳಬಹುದು! ಬನಿಯನ್ನಿನಲ್ಲೇ ನಿಂತ ಹವಾಲ್ದಾರರೊಬ್ಬರು "ಕಾಯ್ ಮಾಂತು, ಝಾಲಂ ಕಾ?" ಎಂದು, ಆಯಿತೇ ಇಲ್ಲವೇ ಎಂದು, ಮರಾಠಿಯಲ್ಲಿ ಅವಸರ ಮಾಡುತ್ತಾರೆ. ಅವರ ಅಂಗಿಯ ಒಂದು ತೋಳು ಆಗಿದೆ, ಇನ್ನೊಂದು ಬಾಕಿ ಇದೆ.

ಅಷ್ಟರಲ್ಲಿ ಭೋಂಗಾ ಕೂಗುತ್ತದೆ. ಮಾಂತು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿಬಿಡುತ್ತಾರೆ. ಹವಾಲ್ದಾರರ ಬಾಕಿ ತೋಳು ಹಾಗೇ ಮುದುರಿಕೊಂಡು ಬಿದ್ದಿರುತ್ತದೆ. ಕ್ಯಾನಿನ ನೀರಲ್ಲಿ ಮೊಣಕೈತನಕ ಸಾಬೂನು ಹಚ್ಚಿ ತೊಳೆಯುತ್ತಾರೆ. ಅದಕ್ಕೆಂದೇ ಇಟ್ಟ ಟವೆಲಿನಲ್ಲಿ ಒರೆಸಿಕೊಳ್ಳುತ್ತಾರೆ. ಹುಣಸೆಮರದ ನೆರಳಿನ ಕೊಂಬೆಗೆ ತೂಗುಹಾಕಿದ ಚೀಲದಿಂದ ಕುದಿಸಿ ಆರಿಸಿದ ನೀರಿನ ಬಾಟಲಿ ತೆಗೆಯುತ್ತಾರೆ. ಅಲ್ಯೂಮಿನಿಯಂ ಹಾಳೆಯನ್ನು ಆಗಷ್ಟೇ ಹರಿದು ಗುಳಿಗೆಗಳನ್ನು ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ತುಟಿಯೊಳಗೇ ಏನೋ ಅಂದು ನುಂಗುತ್ತಾರೆ. ಹವಾಲ್ದಾರರು ಈಗ ಅವಸರ ಮಾಡದೆ ಕಾಯುತ್ತಾರೆ. ಭೋಂಗಾ ಆದಮೇಲೆ ಕರ್ನಲ್ ಸಾಹೇಬರು ಬಂದರೂ ಮಾಂತು ಪೆಟ್ಟಿಗೆ ಮುಟ್ಟುವುದಿಲ್ಲವೆಂಬುದು ಇಡೀ ಓಣಿಗೆ ಗೊತ್ತು.

"ಏನಂದ್ರಿ ಈಗ?" ಎಂದು ಗಾಡಿಯ ಪಕ್ಕ ನಿಂತಿದ್ದ ನಾನು ಕೇಳಿದೆ. "ಅಕ್ಕನ ಪಾಲು ಅಂದೆ ಸರ" ಎಂದರು. ಮತ್ತೆ ಪೆಟ್ಟಿಗೆ ಹಿಡಿದರು.

ಜ್ವರಕ್ಕೆ ಬರೆದುಕೊಟ್ಟ ಐದು ದಿನದ ಗುಳಿಗೆಯನ್ನು ಮೂರನೇ ದಿನಕ್ಕೇ ಮರೆಯುವ ಜಾತಿ ನನ್ನದು. ಈ ಮನುಷ್ಯ ಏಳು ವರ್ಷದಿಂದ, ಮಳೆಯಿರಲಿ, ಗಣಪತಿಯ ಗದ್ದಲವಿರಲಿ, ಒಂದು ಹೊತ್ತೂ ತಪ್ಪಿಸಿಲ್ಲ ಎಂದು ಕೇಳಿ ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ನಂಬಿದ ಮೇಲೆ ಏಕವಚನ ಬಾಯಿಗೆ ಬರಲಿಲ್ಲ, ವಯಸ್ಸಿನಲ್ಲಿ ಅವರು ನನಗಿಂತ ಎಷ್ಟೋ ಚಿಕ್ಕವರಾದರೂ.

ಮಾಂತುವಿನ ಪೂರ್ತಿ ಹೆಸರು ಮಹಾಂತೇಶ. ಇಂಡಿ ಕಡೆಯ ಗೌಂಡಿ ಕೆಲಸದವರ ಮನೆತನ. ಅಪ್ಪನ ಹಿಂದೆ ಪುಣೆಗೆ ಬಂದು ಹಡಪಸರದ ಕಟ್ಟಡಗಳಲ್ಲಿ ಸಿಮೆಂಟು ಕಲಸುತ್ತಾ ಬೆಳೆದವರು. ತೊಂಬತ್ತಾರರಲ್ಲಿ ಮುಖ ಬಾತುಕೊಂಡಿತು, ಪಾದ ಚಪ್ಪಲಿಯೊಳಗೆ ಹಿಡಿಯದಾಯಿತು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಯಂತ್ರಕ್ಕೆ ಮೈಯೊಡ್ಡಿ ರಕ್ತ ತೊಳೆಸಿಕೊಳ್ಳುವ ಬಾಳು ಶುರುವಾಯಿತು. ಅಪ್ಪ ಅವ್ವ ಅಷ್ಟರಲ್ಲಿ ತೀರಿಕೊಂಡಿದ್ದರು. ಒಂದು ಮೂತ್ರಪಿಂಡ ಕೊಡಲು ಹೆಂಡತಿ ತ್ರಿವೇಣಿಯವರ ರಕ್ತ ಹೊಂದಲಿಲ್ಲ. ಹೊಂದಿದ್ದು ಊರಲ್ಲಿದ್ದ ಅಕ್ಕ ಶಿವಗಂಗವ್ವನದು.

ಶಿವಗಂಗವ್ವ ಎರಡನೇ ಮಾತಾಡಲಿಲ್ಲವಂತೆ. ಅವರ ಗಂಡ ಗೂಳಪ್ಪ ಒಂದು ರಾತ್ರಿ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದು, ಬೆಳಿಗ್ಗೆ ಎದ್ದವರೇ "ಅದು ನಿನ್ನ ತವರಮನಿ ವ್ಯವಹಾರ, ಬ್ಯಾಡನ್ನಾಕ ನಾ ಯಾರು? ನಡಿ, ಬಸ್ಸಿಗೆ ಹೊತ್ತಾತು" ಎಂದರಂತೆ. ತೊಂಬತ್ತೆಂಟರಲ್ಲಿ ಅಕ್ಕನ ಒಂದು ಮೂತ್ರಪಿಂಡ ತಮ್ಮನ ಹೊಟ್ಟೆಗೆ ಬಂತು. ಅದರ ಜೊತೆಗೆ ಬಾಳುದ್ದಕ್ಕೂ ಎರಡು ಹೊತ್ತಿನ ಗುಳಿಗೆಯೂ ಬಂತು.

"ಪಂಚಮಿ ಹಬ್ಬದಾಗ ನಾಗಪ್ಪಗ ಹಾಲು ಎರೀತೀವಲ್ರಿ, ಅವ್ವನ ಪಾಲು, ಅಪ್ಪನ ಪಾಲು, ಅಕ್ಕನ ಪಾಲು ಅಂತ ಒಬ್ಬೊಬ್ಬರ ಹೆಸರಿಲೆ?" ಮಾಂತು ಮಾತಾಡುತ್ತಲೇ ಕಾಲರು ತಿರುವುತ್ತಾರೆ. "ಆಪರೇಷನ್ ಆಗಿ ಎಚ್ಚರಾದಾಗ ನನ್ನ ಬಾಯಾಗ ಮೊದಲ ಬಂದದ್ದು ಅದಽ ಮಾತಂತ. ಸಿಸ್ಟರ್ ನಕ್ಕಿದ್ರು. ಅವತ್ತಿಂದ ಹಂಗಽ ಅನಕೋತ ನುಂಗತೀನಿ."

ಸಿಮೆಂಟಿನ ಧೂಳು, ಭಾರ ಎತ್ತುವುದು ಎರಡೂ ಬೇಡವೆಂದರು ಡಾಕ್ಟರು. ಆಗ ಹಿಡಿದದ್ದು ಈ ಇಸ್ತ್ರಿ ಪೆಟ್ಟಿಗೆ. ದಿನಕ್ಕೆ ಎಂಬತ್ತು ತೊಂಬತ್ತು ಬಟ್ಟೆ, ಪರೇಡಿನ ದಿನ ನೂರು ದಾಟುತ್ತದೆ. ಗಾಡಿಗೆ ಒಂದು ಹೊತ್ತಿನ ಗುಳಿಗೆ ಮಾತ್ರ ತರುತ್ತಾರೆ. "ಪೆಟಗಿ ಝಳಕ್ಕ ಪ್ಯಾಂಟಿನ ಸುಕ್ಕೂ ಹೋಗತಾವು, ಗುಳಗಿ ಜೀವಾನೂ ಹೋಗತದ" ಎನ್ನುತ್ತಾರೆ. ಯಾವ ಮನೆಯಲ್ಲಾದರೂ ಮಕ್ಕಳಿಗೆ ಸೀತಾಳೆ ಸಿಡುಬು ಎದ್ದರೆ ಆ ಮನೆಯ ಬಟ್ಟೆ ಮುಟ್ಟುವುದಿಲ್ಲ. ಬಿಸಿಲಿಗೆ ತುಂಬುತೋಳಿನ ಅಂಗಿ, ತಲೆಗೆ ಟೊಪ್ಪಿಗೆ. ಹಸಿ ಮೂಲಂಗಿ, ಹಸಿ ಮೆಂತೆಸೊಪ್ಪು ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯದ ನಾಡಿನಿಂದ ಬಂದವರು ಈಗ ಬೇಯಿಸಿದ ಪಲ್ಯವನ್ನಷ್ಟೇ ಹಚ್ಚಿಕೊಂಡು ಉಣ್ಣುತ್ತಾರೆ. ಸಂಜೆಯ ಗುಳಿಗೆ ಮನೆಯಲ್ಲಿ, ಟಿ.ವಿ.ಯಲ್ಲಿ ಮರಾಠಿ ವಾರ್ತೆ ಶುರುವಾದಾಗ.

"ಆಯ್ತವಾರ ಭೋಂಗಾ ಇರಂಗಿಲ್ಲಲ್ಲಾ, ಆಗೇನು ಮಾಡತೀರಿ?" ಎಂದು ಕಾಲೆಳೆದೆ. ಡಬ್ಬಿ ಕೊಡಲು ಬಂದಿದ್ದ ತ್ರಿವೇಣಿಯವರು ಬಿಡುತ್ತಾರೆಯೇ? "ಆಯ್ತವಾರ ನಾನಽ ಭೋಂಗಾ ರೀ. ನನ್ನ ದನಿ ಅದಕ್ಕಿಂತ ಜೋರದ, ಬೇಕಾದ್ರ ಇವರ್ನ ಕೇಳ್ರಿ" ಎಂದರು. ಮಾಂತು ತಲೆ ಎತ್ತದೆ "ಹೌದ್ರಿ" ಎಂದರು.

ಇಷ್ಟೇ ಆಗಿದ್ದರೆ ಶಿಸ್ತಿನ ಮನುಷ್ಯ ಎಂದು ಬೆನ್ನು ತಟ್ಟಿ ನಾನು ಬಸ್ಸು ಹತ್ತುತ್ತಿದ್ದೆ. ಆದರೆ ಎರಡು ಸಾವಿರದ ಒಂದರ ಪಂಚಮಿಯ ಕತೆ ಬಂದೇ ಬಂತು.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ತಮ್ಮ ಹೋಗಿ ಅಕ್ಕನನ್ನು ತವರಿಗೆ ಕರೆತರಬೇಕು. ಅಪ್ಪ ಅವ್ವ ಇಲ್ಲದ ಶಿವಗಂಗವ್ವನಿಗೆ ತವರೆಂದರೆ ಖಡಕಿಯ ಈ ಒಂದೂವರೆ ಖೋಲಿಯ ಮನೆ. ಆ ವರ್ಷ ಅವರು ಶೇಂಗಾದ ಉಂಡಿ, ಎಳ್ಳಿನ ಉಂಡಿಯ ಜೊತೆಗೆ ಸೆರಗಿನ ತುದಿಗೆ ಕಟ್ಟಿದ ಒಂದು ಪೊಟ್ಟಣವನ್ನೂ ತಂದಿದ್ದರು. ಸಂತೆಯಲ್ಲಿ ಬೇರು ಮಾರುವವನು ಕೊಟ್ಟ ಪುಡಿ ಅದು.

ಪಾಪ, ಅಕ್ಕನ ಮನಸ್ಸಿನಲ್ಲಿ ಒಂದು ಮುಳ್ಳು ಮುರಿದಿತ್ತು. ಆಪರೇಷನ್ ಆದಾಗ ವಾರ್ಡಿನಲ್ಲಿ ಯಾರೋ ಕನ್ನಡದವರು "ಈ ಗುಳಿಗೆ ಮೈಯ ಶಕ್ತಿ ಕಡಿಮೆ ಮಾಡುತ್ತದೆ" ಎಂದದ್ದು ಅವರ ಕಿವಿಗೆ ಬಿದ್ದಿತ್ತು. ಹೊಟ್ಟೆ ಕೊಯ್ಸಿಕೊಂಡು ತಮ್ಮನನ್ನು ಉಳಿಸಿದ್ದೇನೆ, ಅವನು ನೋಡಿದರೆ ದಿನಾ ಶಕ್ತಿ ಕಳೆಯುವ ಗುಳಿಗೆ ನುಂಗುತ್ತಾನೆ! ಮೂರು ವರ್ಷ ಅದನ್ನೇ ಚಿಂತಿಸಿ, ಶಕ್ತಿ ಹೆಚ್ಚಿಸುವ ಪುಡಿ ಹುಡುಕಿ ತಂದಿದ್ದರು. ತ್ರಿವೇಣಿ ನೀರಿಗೆ ಹೋದಾಗ ಹಾಲಲ್ಲಿ ಕಲಸಿ ಕೊಟ್ಟರು.

"ಗೊತ್ತಿತ್ತಲ್ರಿ ನಿಮಗ, ಬ್ಯಾರೆ ಏನೂ ತಗೋಬಾರದಂತ?" ಎಂದು ಕೇಳಿದೆ.

"ಗೊತ್ತಿತ್ರಿ. ಆದ್ರ ಅಕಿ ಕೊಟ್ಟ ಕಿಡ್ನಿ ತಗೊಂಡೀನಿ, ಅಕಿ ಕೊಟ್ಟ ಪುಡಿ ಒಲ್ಲೆ ಅಂತ ಯಾವ ಬಾಯಿಲೆ ಅನ್ಲಿ? ಅದೂ ಪಂಚಮಿ ದಿವಸ?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ?

ಅಕ್ಕ ಊರಿಗೆ ಹೋದ ಮೇಲೂ ಮಾಂತು ಪುಡಿ ಬಿಡಲಿಲ್ಲ. ಗುಳಿಗೆಯೂ ನಡೆದಿತ್ತು, ಪುಡಿಯೂ ನಡೆದಿತ್ತು. ಕೆಲವು ವಾರಕ್ಕೆ ಪಾದ ಮತ್ತೆ ಬಾತವು. ರಕ್ತದ ರಿಪೋರ್ಟು ನೋಡಿದ ಡಾಕ್ಟರು ಮನೆಗೂ ಹೋಗಗೊಡದೆ ಸೇರಿಸಿಕೊಂಡರು. ಅಕ್ಕನ ಮೂತ್ರಪಿಂಡವನ್ನು ಮೈ ಹೊರಗೆ ದೂಡುತ್ತಿತ್ತು. "ಬೇರೆ ಏನಾದರೂ ತಗೊಂಡಿದ್ದೀರಾ?" ಎಂದು ಡಾಕ್ಟರು ಕೇಳಿದರು. ವಾರ್ಡಿನ ನರ್ಸು ಇಂದೂ ಸಿಸ್ಟರ್ ಕೇಳಿದರು. ತ್ರಿವೇಣಿ ಅತ್ತು ಕೇಳಿದರು. ಮಾಂತು ಇಲ್ಲವೆಂದೇ ತಲೆ ಅಲ್ಲಾಡಿಸಿದರು. ಹೌದೆಂದರೆ ಅಕ್ಕನ ಹೆಸರು ಹೇಳಬೇಕಲ್ಲ! ಅಲ್ರೀ, ಜೀವ ಹೋದರೂ ಸೈ, ಅಕ್ಕನ ಮೇಲೆ ಮಾತು ಬರಬಾರದು ಎಂಬ ಈ ಹಠಕ್ಕೆ ಸಿಟ್ಟಾಗಬೇಕೋ ಕೈಮುಗಿಯಬೇಕೋ ನನಗೆ ಈಗಲೂ ತಿಳಿಯದು.

ತಮ್ಮ ದವಾಖಾನೆ ಸೇರಿದ್ದು ತಿಳಿದು ಶಿವಗಂಗವ್ವ ಓಡಿಬಂದರು. ಡಾಕ್ಟರು ವಾರ್ಡಿಗೆ ಬಂದ ಹೊತ್ತು ಅದು. ಯಾರನ್ನೂ ನೋಡದೆ ನೇರ ಮಂಚದ ಹತ್ತಿರ ಹೋಗಿ ಸೆರಗಿನ ಗಂಟು ಬಿಚ್ಚಿದರು. "ಪುಡಿ ತೀರಿರಬೇಕು ತಮ್ಮಾ. ಅದು ಬಿಟ್ಟಿದ್ದಕ್ಕಽ ಹಿಂಗಾಗೇದ. ತಗೋ, ತಂದೀನಿ."

ಡಾಕ್ಟರು ಪೊಟ್ಟಣ ಇಸಿದುಕೊಂಡು ನೋಡಿದರು. ರೇಗಲಿಲ್ಲ. ಸ್ಟೂಲು ಎಳೆದು ಕೂತು ಅಕ್ಕನಿಗೇ ತಿಳಿಸಿ ಹೇಳತೊಡಗಿದರು, ಮರಾಠಿಯಲ್ಲಿ. ಶಿವಗಂಗವ್ವನಿಗೆ ಮರಾಠಿಯ ಗಂಧಗಾಳಿ ಇಲ್ಲ. ತ್ರಿವೇಣಿ ಔಷಧ ತರಲು ಕೆಳಗೆ ಹೋಗಿದ್ದರು. ಕನ್ನಡದಲ್ಲಿ ಹೇಳಬೇಕಾದವರು ಮಂಚದ ಮೇಲಿದ್ದ ಮಾಂತು ಒಬ್ಬರೇ.

"ಪುಡಿ ಚಲೋನ ಅದ ಅಂತ ಅಕ್ಕಾ. ನನಗ ಒಗ್ಗಂಗಿಲ್ಲಂತ, ಅಷ್ಟಽ" ಎಂದರು ಮಾಂತು.

ಅಕ್ಕ ಡಾಕ್ಟರ ಮುಖ ನೋಡಿದರು, ತಮ್ಮನ ಮುಖ ನೋಡಿದರು. "ಅವರು ಇಷ್ಟೊತ್ತು ಮಾತಾಡ್ಯಾರ, ನೀ ಎರಡು ಮಾತಿನಾಗ ಮುಗಸ್ತಿ. ಪೂರಾ ಹೇಳೋ ಮಾಂತ್ಯಾ."

ಆಗ ಪೂರಾ ಹೇಳಿದರು. ಕಂಟೋನ್ಮೆಂಟಿನ ಗೇಟು ಕಾಯುವ ಸಂತ್ರಿಯನ್ನು ಅಕ್ಕನೂ ನೋಡಿದ್ದರಲ್ಲ, ಅವನನ್ನೇ ನೆನಪಿಸಿ ಹೇಳಿದರು: "ನನ್ನ ಮೈಗೆ ಒಬ್ಬ ಸಂತ್ರಿ ಇದ್ದಾನ ಅಕ್ಕಾ. ಅವಗ ನಿನ್ನ ಗುರುತಿಲ್ಲ. ಹೊರಗಿನಾಕಿ ಅಂತ ನಿನ್ನ ಹೊರಗ ಹಾಕಾಕ ನೋಡ್ತಾನ. ಈ ಗುಳಗಿ ಅವನ್ನ ತಡೀತಾವು, ಈಕಿ ನಮ್ಮಾಕಿ, ಇರ್ಲಿ ಬಿಡು ಅಂತ. ಪುಡಿಲೆ ನಾವು ಶಕ್ತಿ ಕೊಟ್ಟದ್ದು ಅವಗಽ."

ಶಿವಗಂಗವ್ವ ಡಾಕ್ಟರ ಕೈಯಲ್ಲಿದ್ದ ಪೊಟ್ಟಣದ ಕಡೆ ನೋಡಿದರು. "ಅಂದ್ರ, ನಾ ತಂದ ಪುಡಿ ನನ್ನನ್ನಽ ನಿನ್ನ ಮನಿಯಿಂದ ಹೊರಗ ಹಾಕಾಕ ಹೊಂಟಿತ್ತು?" ಎಂದರು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಇಂದೂ ಸಿಸ್ಟರಿಗೆ ಕನ್ನಡ ಬಾರದು, ಅವರೂ ಕಣ್ಣೊರೆಸಿಕೊಂಡರಂತೆ.

ಪುಡಿ ನಿಂತಿತು, ದೊಡ್ಡ ಇಂಜೆಕ್ಷನ್ನುಗಳು ನಡೆದವು. ಅಷ್ಟೂ ದಿನ ಅಕ್ಕ ವಾರ್ಡಿನ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಮೂತ್ರಪಿಂಡ ಉಳಿಯಿತು. ಪೂರ್ತಿ ಮೊದಲಿನಂತಾಗಲಿಲ್ಲ, ರಿಪೋರ್ಟಿನ ಅಂಕಿ ಹಳೆಯ ಜಾಗಕ್ಕೆ ಇಳಿಯಲೇ ಇಲ್ಲ. ಹೋದದ್ದು ಹೋಯಿತು, ಉಳಿದದ್ದನ್ನು ಕಾಯಬೇಕು ಎಂದರು ಡಾಕ್ಟರು. ಮಾಂತು ನಾಲ್ಕು ವರ್ಷದಿಂದ ಕಾಯುತ್ತಿರುವುದು ಅದನ್ನೇ.

ತಪಾಸಣೆಯ ದಿನ ಗಾಡಿಗೆ ರಜೆ. ಅವತ್ತು ಬೆಳಗಿನ ಗುಳಿಗೆ ಜೇಬಿನಲ್ಲಿರುತ್ತದೆ. ರಕ್ತ ಕೊಟ್ಟ ಮೇಲೇ ನುಂಗಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಯೆರವಡಾ, ಹಡಪಸರದಿಂದ ಹೊಸದಾಗಿ ಬಂದ ನಮ್ಮ ಕಡೆಯ, ಮೂತ್ರಪಿಂಡ ಹಾಕಿಸಿಕೊಂಡ ಮಂದಿಯನ್ನು ಇಂದೂ ಸಿಸ್ಟರ್ ಬೆಂಚಿನ ಮೇಲೆ ಕೂಡಿಸಿ, ಮಾಂತು ಬರಲಿ ಎನ್ನುತ್ತಾರೆ. ಸಿಸ್ಟರ್ ಮರಾಠಿಯಲ್ಲಿ ಹೇಳಿದ್ದನ್ನು ಇವರು ಕನ್ನಡದಲ್ಲಿ ದಾಟಿಸುತ್ತಾರೆ. ಆರಾಮ ಅನಿಸ್ತಂತ ಗುಳಗಿ ಬಿಡಬ್ಯಾಡ್ರಿ, ತೀರೋಕಿಂತ ಮೊದಲ ತರ್ರಿ, ಜ್ವರ ಬಂದ್ರ ಅಂಗಡಿ ಗುಳಗಿ ನುಂಗದ ಸೀದಾ ಇಲ್ಲಿಗೆ ಬರ್ರಿ. ಇವೆಲ್ಲ ಸಿಸ್ಟರ ಮಾತು. ಆದರೆ ಎಲ್ಲಕ್ಕೂ ಮೊದಲು ಮಾಂತು ತಮ್ಮದೇ ಒಂದು ಪ್ರಶ್ನೆ ಕೇಳುತ್ತಾರೆ.

"ಮನ್ಯಾಗ ನಿಮ್ಮ ಮ್ಯಾಲೆ ಭಾಳ ಜೀವ ಇರೋರು ಯಾರ್ರಿ?"

ಒಬ್ಬರು ಅವ್ವ ಎನ್ನುತ್ತಾರೆ, ಒಬ್ಬರು ಅತ್ತಿಗೆ, ಒಬ್ಬ ಮುದುಕರು ನಾಚಿಕೊಂಡು ಹೆಂಡತಿಯನ್ನು ತೋರಿಸುತ್ತಾರೆ. "ಮುಂದಿನ ಸಲ ಅವರ್ನ ಕರಕೊಂಡು ಬರ್ರಿ. ಕಷಾಯ, ಪುಡಿ, ತೀರ್ಥ, ಏನರ ಕೊಡೂದಿದ್ರ ಮೊದಲ ಡಾಕ್ಟರಿಗೆ ತೋರಸ್ಲಿ. ವೈರಿ ಕೊಟ್ಟದ್ದು ನಾವು ಹೆಂಗೂ ತಿನ್ನಂಗಿಲ್ಲ. ಪ್ರೀತಿಲೆ ಕೊಟ್ಟದ್ದಕ್ಕ ಅಂಜಬೇಕು." ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ.

ಈ ಪಂಚಮಿಗೂ ಶಿವಗಂಗವ್ವ ಬಂದಿದ್ದರು. ಅರಳಿಮರದ ಕೆಳಗಿನ ನಾಗರಕಲ್ಲಿಗೆ ಹಾಲೆರೆಯುವಾಗ ಮಾಂತು ದೂರ ನಿಂತಿದ್ದರು. ಹಸಿ ಹಾಲು, ನೆನೆಸಿದ ಕಾಳು ಅವರಿಗೆ ಆಗಿಬರುವುದಿಲ್ಲ. ಅಕ್ಕ ಪ್ರಸಾದದ ಬಟ್ಟಲನ್ನು ತಾವೇ ಹಿಂದೆ ಸರಿಸಿ, ತ್ರಿವೇಣಿಯ ಕೈಯಿಂದ ಬಿಸಿ ಶೇಂಗಾದ ಉಂಡಿ ಕೊಡಿಸಿದರು. ಪಕ್ಕದ ಮನೆಯವರಿಗೆ ಹಳೆಯ ಕತೆಯನ್ನು ತಾವೇ ಹೇಳಿದರು: "ನಾನಽ ಕೊಟ್ಟೆ, ನಾನಽ ಕಸಗೊಳ್ಳಾಕ ಹೊಂಟಿದ್ದೆ ನೋಡ್ರಿ, ಎಂಥಾ ಹುಚ್ಚಿ!"

ಹೊರಡುವ ಮುಂಚೆ, ನಿಮಗೇನು ಆಸೆ ಎಂದು ಮಾಂತುವನ್ನು ಕೇಳಿದೆ. ಗಾಡಿಗೆ ತಗಡಿನ ನೆರಳೋ, ಹೊಸ ಪೆಟ್ಟಿಗೆಯೋ ಹೇಳಿಯಾರು ಎಂದುಕೊಂಡಿದ್ದೆ. ಅವರು ಮಡಿಚಿದ ಅಂಗಿಯ ಮೇಲೆ ಅಂಗೈಯಿಟ್ಟು ಯೋಚಿಸಿದರು.

"ಸಾಯೂದಂತೂ ಎಲ್ಲಾರೂ ಸಾಯೂದಽ ಸರ. ನಾ ಮುದಕ ಆಗಿ ಸತ್ತ ದಿವಸ ಡಾಕ್ಟರು ನೋಡಿ, ಇವನ ಎದಿ ನಿಂತದ, ಕಣ್ಣು ಹೋಗ್ಯಾವು, ಆದ್ರ ಅಕ್ಕನ ಪಾಲು ಮಾತ್ರ ಕೊನೀತನಕ ಚಲೋ ಇತ್ತು ಅನ್ನಬೇಕ್ರಿ. ಅದನ್ನ ಅಕ್ಕಗ ಯಾರರ ಕನ್ನಡದಾಗ ಹೇಳಬೇಕು. ಪೂರಾ ಹೇಳಬೇಕು."