ಹೊಂಬಾಳಮ್ಮ ತೆಗೆಸಿದ ಫೈಲು

ಕೋಡಿಹಳ್ಳಿ ಕಡೆಯ ಆ ಊರಿನಲ್ಲಿ ಹೆಂಗಸರ ಹಾಲಿನ ಡೈರಿ ಶುರುವಾದಾಗ ಹೊಂಬಾಳಮ್ಮನನ್ನು ಕಾರ್ಯದರ್ಶಿ ಮಾಡಿದ್ದು ಅವಳು ಏಳನೇ ಕ್ಲಾಸು ಓದಿದ್ದಳು ಎಂಬ ಒಂದೇ ಕಾರಣಕ್ಕೆ. ಮಾಡಿದ ಮೇಲೆ ಅರ್ಧ ಊರು ಕೈ ಕೈ ಹಿಸುಕಿಕೊಂಡಿತು. ಲ್ಯಾಕ್ಟೋಮೀಟರು ಗೆರೆ ದಾಟಿ ಮುಳುಗಿತೆಂದರೆ ಹಾಲು ವಾಪಸ್ಸು, ಅಷ್ಟೇ. ಅದು ಊರ ಯಜಮಾನರ ಮನೆಯದಾದರೂ ಸರಿ, ಸ್ವಂತ ಮೈದುನನದಾದರೂ ಸರಿ. ಒಮ್ಮೆ ಅತ್ತೆಯೇ ಡೈರಿ ಬಾಗಿಲಿಗೆ ಬಂದು, "ಮನೆ ಹಾಲ್ನೂ ತಿರುಗಿಸ್ತೀಯಲ್ಲಮ್ಮಿ, ನಿಂಗೆ ನೆಂಟರು ಇಷ್ಟರು ಬ್ಯಾಡ್ವಾ?" ಎಂದಳು. "ನೆಂಟರು ಬೇಕು ಕಣತ್ತೆ, ನೀರು ಬ್ಯಾಡ," ಎಂದು ಸೊಸೆ ಮುಂದಿನವರ ಕ್ಯಾನಿಗೆ ಕೈ ಹಾಕಿದಳು.

ಅವಳ ಗಂಡ ಕೃಷ್ಣಪ್ಪ ಬಿಡದಿಯಲ್ಲಿ ಡ್ರೈವರಾಗಿದ್ದ. ಕಾರ್ಖಾನೆಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದ ಕಾಲ. ಶಿಫ್ಟಿನ ಜನರನ್ನು ಕರೆತಂದು ಬಿಡುವ ಬಸ್ಸು ಓಡಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಅಲ್ಲೇ ಒಂದು ಬಾಡಿಗೆ ಮನೆ ಹಿಡಿದು, ಅಡಿಗೆಗೆಂದು ವಿಧವೆ ಅಕ್ಕ ಕೆಂಚಮ್ಮನನ್ನು ಕರೆಸಿಕೊಂಡ. ಮೊದಮೊದಲು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದವನು ಆಮೇಲೆ ತಿಂಗಳಿಗೊಮ್ಮೆ ಬಂದ, ಆಮೇಲೆ ಹಬ್ಬಕ್ಕೂ ಬರಲಿಲ್ಲ. ಮಗಳು ಶ್ವೇತಳನ್ನು ಹೊಂಬಾಳಮ್ಮ ಒಬ್ಬಳೇ ಬೆಳೆಸಿದಳು. ಯಾರಾದರೂ ಕೇಳಿದರೆ "ಡ್ಯೂಟಿ ಜಾಸ್ತಿ" ಎನ್ನುತ್ತಿದ್ದಳು. ಕೇಳಿದವರೂ ನಂಬುತ್ತಿರಲಿಲ್ಲ, ಹೇಳಿದವಳೂ ನಂಬುತ್ತಿರಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಹಾಲಿನ ವ್ಯಾನಿನ ಡ್ರೈವರು ಒಂದು ಸುದ್ದಿ ತಂದ: ಬರುವ ಭಾನುವಾರ ಸಾವನದುರ್ಗದ ದೇವಸ್ಥಾನದಲ್ಲಿ ಕೃಷ್ಣಪ್ಪನ ಮದುವೆ. ಹೊಂಬಾಳಮ್ಮ ಶನಿವಾರವೇ ಹೊರಟು ಮಾಗಡಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ಮೊದಲ ಬಸ್ಸಿಗೆ ಬೆಟ್ಟದ ಬುಡಕ್ಕೆ ಹೋದಳು.

ಅವಳು ಹೋಗುವ ಹೊತ್ತಿಗೆ ಧಾರೆ ಮುಗಿದಿತ್ತು. ಬಾಸಿಂಗ ಕಟ್ಟಿಕೊಂಡಿದ್ದ ಗಂಡ ಅವಳನ್ನು ಕಂಡು ತಲೆ ತಗ್ಗಿಸಿದ. ಅಡ್ಡ ಬಂದವಳು ಕೆಂಚಮ್ಮ.

"ಇಲ್ಲೇನು ಕೆಲಸ ನಿಂಗೆ? ನಿಂಗೂ ಅವ್ನಿಗೂ ಕೋರ್ಟಲ್ಲಿ ಬುಡುಗಡೆ ಆಗಿ ಒಂದು ವರ್ಸದ ಮ್ಯಾಲಾಯ್ತು."

"ಯಾವ ಕೋರ್ಟು? ನಾನು ಯಾವ ಕೋರ್ಟ್ ಮೆಟ್ಲೂ ಹತ್ತಿಲ್ಲ."

ಕೃಷ್ಣಪ್ಪ ಜೇಬಿನಿಂದ ಮಡಿಸಿದ ಜೆರಾಕ್ಸ್ ತೆಗೆದು ಹೆಣ್ಣಿನ ಕಡೆಯ ಹಿರಿಯರೊಬ್ಬರಿಗೆ ಕೊಟ್ಟ. ಅವರು ಕನ್ನಡಕ ಏರಿಸಿ ಓದಿ, "ಹೌದು ಕಣಮ್ಮ, ಡಿಕ್ರಿ ಆಗೈತೆ. ನಾವೂ ಇದನ್ನ ನೋಡೇ ಹೆಣ್ಣು ಕೊಟ್ಟಿದ್ದು," ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಹೊಂಬಾಳಮ್ಮ ಕೈ ಚಾಚುವಷ್ಟರಲ್ಲಿ ಕೆಂಚಮ್ಮ ಕಾಗದವನ್ನು ಕಿತ್ತುಕೊಂಡು ಸೆರಗಿಗೆ ಸೇರಿಸಿದಳು. ಹೊಂಬಾಳಮ್ಮನಿಗೆ ಕಂಡದ್ದು ಒಂದು ದುಂಡು ಮೊಹರು, ರಾಮನಗರ ಎಂಬ ಅಕ್ಷರ, ಎರಡು ಸಾವಿರದ ನಾಲ್ಕು ಎಂಬ ವರ್ಷ.

"ಬೇಕಾರೆ ಕೋರ್ಟ್ನೇ ಓಗ್ ಕೇಳ್ಕೋ," ಎಂದ ಕೃಷ್ಣಪ್ಪ. ಅಲ್ಲಿಯವರೆಗೆ ಅವನು ಆಡಿದ ಮಾತು ಅದೊಂದೇ.

"ಕೇಳ್ತೀನಿ. ಕೇಳ್ದೆ ಬುಡೋಳಲ್ಲ ನಾನು," ಎಂದು ಅವಳು ಊಟದ ಎಲೆ ಹಾಸುತ್ತಿದ್ದವರ ಮಧ್ಯದಿಂದಲೇ ನಡೆದು ಹೊರಬಂದಳು.

ಊರಿನಲ್ಲಿ ಯಜಮಾನ ದಾಸಪ್ಪ ಬುದ್ಧಿ ಹೇಳಲು ಬಂದರು. "ಆದದ್ದು ಆಗೋಯ್ತು ಕಣವ್ವ. ಬೆಳೆಯೋ ಮಗಳು ಅವ್ಳೆ, ಕೋರ್ಟು ಕಚೇರಿ ಅಂತ ಅಲೆದ್ರೆ ಜನ ಏನಂದಾರು?"

"ಜನ ಅನ್ನೋದ್ನೆಲ್ಲ ಈಗಾಗ್ಲೇ ಅಂದವ್ರೆ ದಾಸಪ್ಪಣ್ಣ. ಹೊಸದೇನಾದ್ರೂ ಇದ್ರೆ ಬಂದು ಹೇಳಿ," ಎಂದಳು ಹೊಂಬಾಳಮ್ಮ.

ರಾಮನಗರದ ಕೋರ್ಟಿಗೆ ಮೊದಲ ಸಲ ಹೋದಾಗ ಕಿಟಕಿಯ ಗುಮಾಸ್ತರು ಕೇಸಿನ ನಂಬರು ಕೇಳಿದರು. ಗೊತ್ತಿಲ್ಲ ಎಂದಳು. ನಂಬರಿಲ್ಲದೆ ಸಾವಿರಾರು ಫೈಲುಗಳಲ್ಲಿ ಎಲ್ಲಿ ಹುಡುಕುವುದು ತಾಯಿ, ಎಂದರು ಅವರು. ಆ ಮಾತೂ ನಿಜವೇ. ಎರಡನೆಯ ಸಲವೂ ಅದೇ ಆಯಿತು. ಬೆಳಗಿನ ಹಾಲು ಮುಗಿಸಿ, ಕನಕಪುರಕ್ಕೆ ಒಂದು ಬಸ್ಸು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು ಬಸ್ಸು ಹಿಡಿದು ಬಂದು, ಸಂಜೆಯ ಹಾಲಿನೊಳಗೆ ಮತ್ತೆ ಊರು ಸೇರಬೇಕಿತ್ತು. ಮೂರನೆಯ ಸಲ ಅವಳು ವರಾಂಡದ ಬೆಂಚಿನ ಮೇಲೆ ಕೂತುಬಿಟ್ಟಳು. ಪಕ್ಕದಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳಿದ್ದಳು. ಹೆಸರು ತಾಹೇರಾ; ರೇಷ್ಮೆ ನೂಲು ಬಿಚ್ಚುವ ಕೆಲಸದವಳು, ಬಿಟ್ಟುಹೋದ ಗಂಡನ ಮೇಲೆ ಜೀವನಾಂಶದ ಕೇಸು ಹಾಕಿ ಮೂರು ವರ್ಷದಿಂದ ಬರುತ್ತಿದ್ದಳು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಹೊಂಬಾಳಮ್ಮನ ಕಥೆಯನ್ನೆಲ್ಲ ಕೇಳಿ ಅವಳು ನಕ್ಕುಬಿಟ್ಟಳು.

"ಬಾಯಲ್ಲಿ ಕೇಳಿದ್ರೆ ಬಾಯಲ್ಲೇ ಇಲ್ಲ ಅಂತಾರೆ ಅಕ್ಕಾ. ಕಾಗದದಲ್ಲಿ ಕೇಳು. ವರ್ಷ ಗೊತ್ತು, ಇಬ್ಬರ ಹೆಸರೂ ಗೊತ್ತು. ಹುಡುಕಿ ಕೊಡಿ ಅಂತ ಬೇರೆ ಅರ್ಜಿ ಇದೆ, ಅದಕ್ಕೆ ಸ್ಟಾಂಪ್ ಹಚ್ಚಿ ಕೊಡು. ಅವರೂ ಕಾಗದದಲ್ಲೇ ಉತ್ತರ ಕೊಡಬೇಕು."

ತಾಹೇರಾ ಹೇಳಿದಳು, ಹೊಂಬಾಳಮ್ಮ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಳು. ವಾರದ ನಂತರ ಶಿರಸ್ತೇದಾರರು ಆ ವರ್ಷದ ದಪ್ಪ ರಿಜಿಸ್ಟರು ತೆಗೆಸಿ, ಮದುವೆ ವ್ಯಾಜ್ಯಗಳ ಸಾಲಿನ ಮೇಲೆ ಬೆರಳಿಟ್ಟು ಕೆಳಗೆ ಕೆಳಗೆ ಬಂದರು. ಬೆರಳು ನಿಂತಿತು. ಕೃಷ್ಣಪ್ಪ ಅರ್ಜಿದಾರ, ಹೊಂಬಾಳಮ್ಮ ಎದುರುದಾರಳು. ನಂಬರನ್ನು ಅವಳು ಅಂಗೈ ಮೇಲೆ ಬರೆದುಕೊಂಡಳು. ಅದೇ ದಿನ ಇಡೀ ಫೈಲಿನ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟಳು.

ನಕಲು ಕೈಗೆ ಬಂದ ದಿನ ಇಬ್ಬರೂ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಓದಿದರು. ಹೆಂಡತಿ ತನ್ನನ್ನು ತೊರೆದು ಹೋಗಿದ್ದಾಳೆ, ಈಗ ಬಿಡದಿಯಲ್ಲಿ ಬೇರೆ ಇದ್ದಾಳೆ ಎಂದು ಕೃಷ್ಣಪ್ಪ ಬರೆಸಿದ್ದ. ಕೊಟ್ಟಿದ್ದ ವಿಳಾಸ ಮಾತ್ರ ಅವನದೇ ಬಾಡಿಗೆ ಮನೆಯದು. ಸಮನ್ಸು ತಂದ ಅಮೀನರಿಗೆ ಆ ಮನೆಯಲ್ಲಿದ್ದ ಹೆಂಗಸು ನಾನೇ ಹೊಂಬಾಳಮ್ಮ ಎಂದಿದ್ದಳು, ಕೃಷ್ಣಪ್ಪ ನಿಂತು ಗುರುತಿಸಿದ್ದ. ಕೆಳಗೆ ಎಡಗೈ ಹೆಬ್ಬೆಟ್ಟು. ಆಮೇಲೆ ಕರೆದ ದಿನ ಯಾರೂ ಹಾಜರಾಗದ ಕಾರಣ ಕೋರ್ಟು ಏಕಪಕ್ಷೀಯವಾಗಿ ವಿಚ್ಛೇದನ ಕೊಟ್ಟಿತ್ತು.

ಹೊಂಬಾಳಮ್ಮ ಅಲ್ಲಿಯವರೆಗೆ ಗಟ್ಟಿಯಾಗಿ ಓದುತ್ತಿದ್ದಳು. ಅವಸರದಲ್ಲಿ ದಾಟಿದ್ದ ಅರ್ಜಿಯ ನಾಲ್ಕನೇ ಪ್ಯಾರಾಕ್ಕೆ ಹಿಂತಿರುಗಿದಾಗ ಅವಳ ದನಿ ನಿಂತಿತು. "ದಂಪತಿಗಳಿಗೆ ಸಂತಾನವಿರುವುದಿಲ್ಲ" ಎಂದಿತ್ತು. ಮತ್ತೆ ಓದಿದಳು, ಮತ್ತೊಮ್ಮೆ ಓದಿದಳು. ತಾಹೇರಾ ಅವಳ ಮೊಣಕಾಲಿನ ಮೇಲೆ ಕೈ ಇಟ್ಟಳು.

ಆ ಸಂಜೆ ಶ್ವೇತ ತಾನೇ ಕಾಗದ ತೆಗೆದುಕೊಂಡು ಓದಿದಳು. ಎಂಟನೇ ಕ್ಲಾಸಿನ ಹುಡುಗಿ, ಮುಚ್ಚಿಡುವಂತಿರಲಿಲ್ಲ. "ಅವ್ವ, ಅಪ್ಪ ನಾನು ಹುಟ್ಟೇ ಇಲ್ಲ ಅಂತ ಬರೆಸವ್ರಾ?"

"ಬರೆಸವ್ರೆ. ನಾನು ಅಳಿಸ್ತೀನಿ, ನೋಡ್ತಿರು."

ಕಾನೂನು ಸೇವಾ ಸಮಿತಿಯವರು ಅವಳಿಗೆ ರುದ್ರಪ್ರಸಾದ್ ಎಂಬ ವಕೀಲರನ್ನು ಕೊಟ್ಟರು. ಫೀಸಿಲ್ಲ. ಅವರು ಫೈಲು ತಿರುವಿ, ತೀರ್ಪು ಗೊತ್ತಾದ ಮೂವತ್ತು ದಿನದೊಳಗೆ ರದ್ದತಿಗೆ ಅರ್ಜಿ ಹಾಕಬೇಕು, ಈಗಾಗಲೇ ಇಪ್ಪತ್ತಾರು ದಿನ ಕಳೆದಿದೆ ಎಂದರು. ಮತ್ತೆ ಸ್ವಲ್ಪ ಅನುಮಾನಿಸಿ, "ಅಮ್ಮಾ, ಅವರಿಗೆ ಇನ್ನೊಂದು ಮದುವೆಯೂ ಆಗಿಹೋಗಿದೆ. ಕೂತು ಮಾತಾಡಿ ಏನಾದರೂ ರಾಜಿ ಮಾಡಿಕೊಂಡರೆ ನಿಮಗೇ ಒಳ್ಳೆಯದಲ್ಲವೇ?" ಎಂದು ಕೇಳಿದರು.

"ಗಂಡ ಬೇಕು ಅಂತ ನಾನು ಬಂದಿಲ್ಲ ಸಾ. ನನ್ ಹೆಸರಲ್ಲಿ ಇನ್ನೊಬ್ಬಳು ಹೆಬ್ಬೆಟ್ಟು ಒತ್ತವ್ಳೆ. ಇರೋ ಮಗಳ್ನ ಇಲ್ಲ ಅಂತ ಬರೆದವ್ರೆ. ಈ ಸುಳ್ಳು ಸರ್ಕಾರಿ ಬೀರುವಲ್ಲಿ ಕೂತಿರೋ ಗಂಟ ನಾನು ಯಾವ ರಾಜಿಗೂ ಬರಾಕಿಲ್ಲ."

ಅರ್ಜಿ ಇಪ್ಪತ್ತೆಂಟನೇ ದಿನ ದಾಖಲಾಯಿತು.

ಒಂದು ವರ್ಷಕ್ಕೂ ಮೇಲೆ ಅವಳು ಪ್ರತಿ ವಾಯಿದೆಗೂ ಹೋದಳು. ಸಾಕ್ಷಿ ಕಟ್ಟೆಯಲ್ಲಿ ನಿಂತ ದಿನ ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯ ಪುಸ್ತಕ ತಂದಿದ್ದಳು. ಕೃಷ್ಣಪ್ಪನ ವಕೀಲರು ಕೇಳಿದರು: "ಅಮೀನರು ಬಂದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ನೀವು ಬಿಡದಿಯ ಮನೆಯಲ್ಲೇ ಇದ್ದು ಸಮನ್ಸು ಪಡೆದು, ಈಗ ಇಲ್ಲ ಅಂತ ಸುಳ್ಳು ಹೇಳುತ್ತಿದ್ದೀರಿ ಅಂದರೆ?"

"ಸುಳ್ಳು ನಾನು ಹೇಳ್ತಿಲ್ಲ ಸ್ವಾಮಿ. ಆವತ್ತು ಹನ್ನೊಂದು ಗಂಟೆಗೆ ನಮ್ಮ ಡೈರಿ ವಾರ್ಷಿಕ ಸಭೆ. ಈ ಪುಸ್ತಕದಲ್ಲಿರೋ ನಡಾವಳಿ ಬರೆದೋಳೇ ನಾನು. ಒಕ್ಕೂಟದಿಂದ ಬಂದಿದ್ದ ಸಾಹೇಬ್ರ ರುಜುನೂ ಐತೆ, ನಲವತ್ತೊಂದು ಹೆಂಗಸ್ರ ರುಜುನೂ ಐತೆ. ನಾನು ಹನ್ನೆರಡು ವರ್ಸದಿಂದ ದಿನಕ್ಕೆರಡು ಸಲ ರುಜು ಹಾಕೋಳು, ಹೆಬ್ಬೆಟ್ಟು ಯಾಕೆ ಒತ್ಲಿ?"

ನ್ಯಾಯಾಧೀಶರು ಪುಸ್ತಕ ತರಿಸಿಕೊಂಡು ಪುಟ ಪುಟವಾಗಿ ನೋಡಿದರು. ಮುಂದಿನ ವಾಯಿದೆಗೆ ರುದ್ರಪ್ರಸಾದ್, ಸಮನ್ಸಿನ ಮೇಲಿನ ಹೆಬ್ಬೆಟ್ಟನ್ನು ಹೊಂಬಾಳಮ್ಮನ ಮತ್ತು ಕೆಂಚಮ್ಮನ ಹೆಬ್ಬೆಟ್ಟಿನ ಜೊತೆ ಬೆರಳಚ್ಚು ತಜ್ಞರಿಂದ ಹೋಲಿಸಿ ನೋಡಬೇಕೆಂದು ಅರ್ಜಿ ಕೊಟ್ಟರು. ಅಲ್ಲಿಯವರೆಗೆ ಪ್ರತಿ ಸಲ ತಮ್ಮನ ಪಕ್ಕದಲ್ಲಿ ಕೂರುತ್ತಿದ್ದ ಕೆಂಚಮ್ಮ ಆಮೇಲೆ ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಎರಡು ವಾಯಿದೆ ಕಳೆದ ಮೇಲೆ, ಡಿಕ್ರಿ ರದ್ದಾಗಲು ತಮ್ಮ ತಕರಾರಿಲ್ಲವೆಂದು ಕೃಷ್ಣಪ್ಪನ ವಕೀಲರೇ ಬರೆದುಕೊಟ್ಟರು. ಡಿಕ್ರಿ ರದ್ದಾಯಿತು.

ರುದ್ರಪ್ರಸಾದರಿಗೆ ಖುಷಿಯೋ ಖುಷಿ. "ಈಗ ಕಾನೂನಿನ ಪ್ರಕಾರ ನೀವೇ ಅವರ ಹೆಂಡತಿ ಅಮ್ಮಾ."

"ಒಳ್ಳೇದಾಯ್ತು ಸಾ. ಇನ್ನು ನನ್ನ ಅರ್ಜಿ ಬರೀರಿ. ನಂಗೆ ಬುಡುಗಡೆ ಬೇಕು."

ವಕೀಲರು ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರು.

"ಹಂಗ್ಯಾಕ್ ನೋಡ್ತೀರಾ? ಅವ್ರು ನನ್ನ ಕದ್ದುಮುಚ್ಚಿ ಬುಟ್ರು. ನಾನು ಎದುರಿಗೆ ನಿಂತು ಬುಡ್ತೀನಿ. ಮೊದಲನೇ ಪ್ಯಾರಾದಲ್ಲೇ ಮಗಳ ಹೆಸರು ಬರೀರಿ, ಹುಟ್ಟಿದ ತಾರೀಕು ಸಮೇತ."

ಅಷ್ಟರಲ್ಲಿ ರಾಮನಗರ ಜಿಲ್ಲೆಯಾಗಿ ಕಚೇರಿಗಳ ಬೋರ್ಡುಗಳೆಲ್ಲ ಬದಲಾಗಿದ್ದವು. ಅವಳ ಅರ್ಜಿಯ ತೀರ್ಪು ಬಂದದ್ದು ಎರಡು ಸಾವಿರದ ಒಂಬತ್ತರಲ್ಲಿ: ವಿಚ್ಛೇದನ ಮಂಜೂರು, ಮಗಳ ಓದಿನ ಹೊಣೆ ತಂದೆಗೂ ಸೇರಿದ್ದು, ತಿಂಗಳಿಗೊಮ್ಮೆ ಅವಳನ್ನು ಕಾಣಲು ಅವನಿಗೆ ಅವಕಾಶ.

ಹೊರಗೆ ಕೃಷ್ಣಪ್ಪ ಹುಣಸೆ ಮರದಡಿ ಕಾಯುತ್ತಿದ್ದ. ಕೂದಲು ಉದುರಿತ್ತು, ಮೊದಲಿನ ದರ್ಪ ಇರಲಿಲ್ಲ. "ಕೊನೆಗೂ ಬುಡುಗಡೆನೇ ತಾನೆ ತಗೊಂಡಿದ್ದು? ಅದಕ್ಕೆ ಮೂರು ವರ್ಸ ನನ್ನ ಕೋರ್ಟಿಗೆ ಎಳೀಬೇಕಿತ್ತಾ?" ಎಂದು ಕೇಳಿದ.

"ಕೋರ್ಟ್ನೇ ಕೇಳ್ಕೋ ಅಂದಿದ್ದು ನೀವೇ," ಎಂದಳು ಹೊಂಬಾಳಮ್ಮ.

ಅವನು ಟವೆಲಿನಿಂದ ಮುಖ ಒರೆಸಿಕೊಂಡು, "ಶ್ವೇತ ಹೆಂಗವ್ಳೆ?" ಎಂದ.

"ಬಂದು ಅವಳ್ನೇ ಕೇಳಿ. ಆರ್ಡರಲ್ಲೇ ಬರೆದವ್ರಲ್ಲ."

ಅವನು ಬರಲು ಎರಡು ತಿಂಗಳು ತೆಗೆದುಕೊಂಡ. ಪಿಯುಸಿಗೆ ಸೇರಲು ತಯಾರಾಗುತ್ತಿದ್ದ ಶ್ವೇತ ಜಗುಲಿಯ ಮೇಲೆ ಚಾಪೆ ಹಾಸಿ ಕೂರಿಸಿ ನೀರು ಕೊಟ್ಟಳು, ಕೇಳಿದ್ದಕ್ಕಷ್ಟೇ ಉತ್ತರ ಹೇಳಿದಳು. ಅವನು ತಂದಿದ್ದ ಚೂಡಿದಾರದ ಪೊಟ್ಟಣವನ್ನು ಮಾತ್ರ ಹೋಗುವಾಗ ಅವನ ಕೈಗೇ ವಾಪಸ್ಸು ಕೊಟ್ಟಳು. "ಮುಂದಿನ ತಿಂಗಳು ಬರೀ ಕೈಯಲ್ಲೇ ಬನ್ನಿ ಅಪ್ಪ. ಮೊದ್ಲು ಒಸಿ ಪರಿಚಯ ಆಗ್ಲಿ," ಎಂದಳು.

ಹೊಂಬಾಳಮ್ಮ ಒಳಗೆ ಸೊಪ್ಪು ಸೋಸುತ್ತಿದ್ದಳು. ಮಗಳ ಮಾತು ಕೇಳಿಸಿತು. ಅವಳು ಎದ್ದು ಹೊರಗೆ ಬರಲಿಲ್ಲ. ಬರುವ ಅಗತ್ಯವೂ ಅವಳಿಗೆ ಕಾಣಲಿಲ್ಲ.