ಸೌಟು ಹಿಡಿದ ವರಲಕ್ಷ್ಮಿ

ಕಳೆದ ವಾರ ಟೆಸ್ಟ್ ಪೇಪರ್ ತಿದ್ದುತ್ತಾ ಕೂತಿದ್ದೆ. ಒಂಬತ್ತನೆಯ ತರಗತಿ, ಇಂಗ್ಲಿಷ್ ನಾನ್‌ಡೀಟೇಲ್. ಉಪಪಠ್ಯವಾಗಿ ಓದಿಸಿದ್ದ ಕಾದಂಬರಿಯ ಹುಡುಗಿಯ ಧೈರ್ಯವನ್ನು ವಿವರಿಸಿ ಎಂಬುದು ಪ್ರಶ್ನೆ. ಎಲ್ಲರೂ ನಾನು ಬರೆಸಿದ ನೋಟ್ಸನ್ನೇ ಒಂದು ಕಾಮಾ ಬಿಡದೆ ಒಪ್ಪಿಸಿದ್ದರು. ವರಲಕ್ಷ್ಮಿ ಎಂಬ ಹುಡುಗಿ ಮಾತ್ರ ಕೊನೆಗೆ ಕನ್ನಡದಲ್ಲೊಂದು ಸಾಲು ಸೇರಿಸಿದ್ದಳು: 'ನನಗೆ ಅಷ್ಟು ಧೈರ್ಯ ಇದ್ದಿದ್ದರೆ ಸೌಟು ಕೇಳುತ್ತಿದ್ದೆ.'

ಕೆಂಪು ಪೆನ್ನು ಅಲ್ಲೇ ನಿಂತಿತು.

ಸೌಟಿನ ಕಥೆ ಹೇಳಬೇಕು. ನಾನು ದಿನಾ ಮುಳಬಾಗಿಲಿನಿಂದ ಬಸ್ಸು ಹಿಡಿದು ಹೋಗುವ ಹಳ್ಳಿಯ ಹೈಸ್ಕೂಲಿನಲ್ಲಿ ಒಂದು ಕುಡಿಯುವ ನೀರಿನ ಮಡಕೆ ಇದೆ. ಮೊದಲು ಅದರ ಮೇಲೊಂದು ಲೋಟ ಇರುತ್ತಿತ್ತು. ಹರಿಜನ ಕಾಲೊನಿಯ ಮಕ್ಕಳು ಅದನ್ನು ಮುಟ್ಟಿದರೆಂದು ಜಗಳವಾಯಿತು. ಆಗ ನಾನೇ ಲೋಟ ತೆಗೆದು ಉದ್ದ ಹಿಡಿಯ ಸೌಟು ಇಟ್ಟೆ. ವಾರಕ್ಕೊಬ್ಬ ಲೀಡರ್ ನೀರು ಹೊಯ್ಯಬೇಕು, ಎಲ್ಲ ಜಾತಿಯವರೂ ಬೊಗಸೆಯಲ್ಲೇ ಕುಡಿಯಬೇಕು. ಜಗಳ ನಿಂತಿತು. ಎರಡು ವರ್ಷದಿಂದ ನಾನು ಬೀಗುತ್ತಿದ್ದೆ. (ನೆಂಟರ ಮನೆಗಳಲ್ಲೆಲ್ಲ ಹೇಳಿಕೊಂಡೂ ಆಗಿತ್ತು.)

ಆದರೆ ಕಾಲೊನಿಯ ಒಂದು ಮಗುವಾದರೂ ಸೌಟು ಹಿಡಿದಿತ್ತೇ? ಮುಂದಿನ ಲೀಡರನ್ನು ಹಳೆಯ ಲೀಡರೇ ಆರಿಸುತ್ತಿದ್ದ. ನಾನು ನೋಡಲು ಹೋಗಿರಲಿಲ್ಲ. ನೋಡಿದರೆ ತಾನೇ ತಲೆನೋವು?

ಆ ಕಾದಂಬರಿ ದೂರದ ದೇಶದ್ದು. ಮೈಬಣ್ಣ ನೋಡಿ ಮನುಷ್ಯರನ್ನು ಆಚೆ ನಿಲ್ಲಿಸುವ ಊರು. ಮೊದಲು ಎಲ್ಲರ ಜೊತೆ ತಾನೂ ನಕ್ಕ ಹುಡುಗಿ, ಬೆಳೆಯುತ್ತಾ ಬೆಳೆಯುತ್ತಾ ನಾಚಿಕೊಳ್ಳುವುದನ್ನು ಕಲಿಯುತ್ತಾಳೆ. ಪಾಠ ಮಾಡುವಾಗ ಆ ಪುಟವನ್ನು ಎರಡೆರಡು ಸಲ ಓದಿ ಹೇಳಿದ್ದೆ. ಬಾಗಿಲಾಚೆಗಿದ್ದ ಮಡಕೆ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

ಕಾಲೊನಿಯಿಂದಲೇ ಬರುವ ವರಲಕ್ಷ್ಮಿಯನ್ನು ಸ್ಟಾಫ್ ರೂಮಿಗೆ ಕರೆದೆ.

"ತಪ್ಪಾಯ್ತು ಮಿಸ್. ಆ ಸಾಲು ಹೊಡೆದಾಕ್ಬಿಡಿ" ಅಂದಳು.

"ನಾಳೆಯಿಂದ ಸೌಟು ನೀನು ಹಿಡೀತೀಯಾ?"

"ಹಿಡೀತೀನಿ ಮಿಸ್. ಕುಡಿಯೋರು ಯಾರು?"

ಹೆಡ್‌ಮಾಸ್ಟರಿಗೆ ವಿಷಯ ತಿಳಿಸಿದೆ. "ಪಾಠ ಪುಸ್ತಕದಲ್ಲೇ ಇರ್ಲಿ ಮೇಡಂ. ಊರೋರು ಬಂದ್ರೆ ನೀವೇ ಮಾತಾಡ್ಕೊಳ್ಳಿ" ಅಂದರು. ಬೇಡ ಅನ್ನಲಿಲ್ಲ, ಅಷ್ಟೇ ಪುಣ್ಯ.

ಮರುದಿನ ಮಧ್ಯಾಹ್ನ ಬೆಲ್ ಹೊಡೆಯಿತು. ವರಲಕ್ಷ್ಮಿ ಸೌಟು ಹಿಡಿದು ನಿಂತಳು. ಕಾಲೊನಿಯ ಮಕ್ಕಳೂ ಹತ್ತಿರ ಬರಲು ಹೆದರಿ ಗೋಡೆಗೆ ಒರಗಿದರು. ಉಳಿದವರಿಗೆ ಇದ್ದಕ್ಕಿದ್ದಂತೆ ಬಾಯಾರಿಕೆಯೇ ಇಲ್ಲ. "ಮಾ ಅಮ್ಮ ತಿಡುತುಂದಿ" ಎಂದು ಒಬ್ಬಳು ಮನೆಯ ತೆಲುಗಿನಲ್ಲೇ ಪಿಸುಗುಟ್ಟಿದಳು. ಅಮ್ಮ ಬೈಯುತ್ತಾಳೆ. ಪಾಪ, ಬೈದೇ ಬೈಯುತ್ತಾಳೆ.

ವರಲಕ್ಷ್ಮಿಗೂ ಅದು ಕೇಳಿಸಿತು. ಸೌಟು ಮಾತ್ರ ಕೆಳಗಿಡಲಿಲ್ಲ.

"ಕುಡೀರೋ, ಯಾಕೆ ನಿಂತಿದ್ದೀರಾ?" ಎಂದು ಮಕ್ಕಳನ್ನು ಗದರಿದೆ. ಒಬ್ಬರೂ ಕದಲಲಿಲ್ಲ. ಎಲ್ಲರೂ ನನ್ನ ಹೆಗಲನ್ನೇ ನೋಡುತ್ತಿದ್ದರು. ಅಲ್ಲಿ ನೇತಾಡುತ್ತಿದ್ದದ್ದು ನಾನು ಮನೆಯಿಂದ ತರುವ ವಾಟರ್ ಬಾಟಲ್. ಊರಿನ ನೀರು ಒಗ್ಗುವುದಿಲ್ಲ ಎಂದು ಸಬೂಬು ಹೇಳುತ್ತಿದ್ದೆ. ನಿಜ ಹೇಳುತ್ತೇನೆ, ಆ ಮಡಕೆಯ ನೀರನ್ನು ಈ ಎರಡು ವರ್ಷದಲ್ಲಿ ನಾನು ಒಂದು ಹನಿ ಕುಡಿದಿರಲಿಲ್ಲ. ಅದಕ್ಕೆ ಕಾರಣ ನನ್ನ ಹೊಟ್ಟೆಯಲ್ಲ ಎಂಬುದು ಆ ಮಕ್ಕಳಿಗೆ ನನಗಿಂತ ಮೊದಲೇ ಗೊತ್ತಿತ್ತು.

"ನಿಮಗೆ ಹಾಕ್ಲಾ ಮಿಸ್?" ವರಲಕ್ಷ್ಮಿ ಕೇಳಿದಳು.

ಆ ನಾಲ್ಕು ಹೆಜ್ಜೆ ಇಡಲು ನನಗೆ ಎಷ್ಟು ಹೊತ್ತು ಬೇಕಾಯಿತೆಂದು ಹೇಳಲು ನಾಚಿಕೆಯಾಗುತ್ತದೆ. ಬೊಗಸೆ ಒಡ್ಡಿದೆ. ಕುಡಿದೆ. ಸೀರೆಯ ಸೆರಗೆಲ್ಲ ಒದ್ದೆ. ಆಮೇಲೆ ಕಾಲೊನಿಯ ಮಕ್ಕಳು ಬಂದರು. ಅವರ ಹಿಂದೆ, ಅಮ್ಮ ಬೈಯುತ್ತಾಳೆ ಅಂದವಳೂ ಬಂದಳು. ಉಳಿದವರು ಬೋರ್‌ವೆಲ್ ಪಂಪಿನ ಕಡೆ ಓಡಿದರು. ಈಗಲೂ ಓಡುತ್ತಿದ್ದಾರೆ.

ವರಲಕ್ಷ್ಮಿಯ ಉತ್ತರಕ್ಕೆ ಐದಕ್ಕೆ ಐದು ಕೊಟ್ಟಿದ್ದೇನೆ. ನನಗೆ ನೀವು ಎಷ್ಟು ಕೊಡುತ್ತೀರಿ?