ಎಡಗೈ ಮಡಿಕೆ

ಮುಷ್ಕರ ಮುರಿದವಳು ನಾನು. ಜಲಜ ಅಲ್ಲ. ದೋಹಾದ ಕಾಲೇಜು ಮಕ್ಕಳು ವೀಡಿಯೋದಲ್ಲಿ ನೋಡಿ ಚಪ್ಪಾಳೆ ತಟ್ಟಿದ ಮುದುಕಿ ಸುಳ್ಳುಗಾತಿ.

ನಾನು ಓದಿದ್ದು ಎರಡನೇ ಕ್ಲಾಸು. ಮಂಗಳೂರು ಕಡೆಯ ನಮ್ಮ ಊರಿನಲ್ಲಿ ಬೀಡಿ ಕಟ್ಟುತ್ತಿದ್ದೆ. ಕೂಲಿ ಹೆಚ್ಚಾಗುವವರೆಗೆ ಎಲೆ ಮುಟ್ಟುವುದಿಲ್ಲವೆಂದು ಹೆಂಗಸರೆಲ್ಲ ಆಣೆ ಹಾಕಿದ್ದೆವು. ನಾನು ಕಂಟ್ರಾಕ್ಟರನಿಂದ ಗುಟ್ಟಾಗಿ ಎಲೆ ತರಿಸಿ, ಬಾಗಿಲು ಹಾಕಿ ಕಟ್ಟಿದೆ. ಹಸಿವು ಎನ್ನಲಾರೆ — ಹಸಿವು ಎಲ್ಲರ ಮನೆಯಲ್ಲೂ ಇತ್ತು. ಹೆಂಗಸರು ಮನೆಮನೆ ಹುಡುಕುತ್ತ ಬಂದಾಗ ಬೀಡಿಯ ಗೆರಸೆಯನ್ನು ಪಕ್ಕದ ಮನೆಯ ಜಲಜಳ ಸೌದೆರಾಶಿಗೆ ತುರುಕಿದೆ.

ಸಿಕ್ಕಿತು. ಜಲಜ ಒಂದು ಬೀಡಿ ಎತ್ತಿ ಹಿಡಿದಳು.

"ಇದರ ಮೂತಿ ನೋಡಿ ಮಾರಾಯ್ರೆ, ಮಡಿಕೆ ತಿರುವುಮುರುವು, ಎಡಗೈಯಲ್ಲಿ ಮಡಚಿದ್ದು. ನನ್ನದು ಬಲಗೈ—"

ನಮ್ಮ ಓಣಿಯಲ್ಲಿ ಎಡಗೈಯವಳು ನಾನೊಬ್ಬಳೇ. ಮಾತು ಮುಗಿಯುವ ಮೊದಲೇ ಬೀಡಿ ಕಿತ್ತುಕೊಂಡು, ಗೆರಸೆಯನ್ನೇ ಅವಳ ಒಲೆಗೆ ಸುರಿದೆ. "ದ್ರೋಹಿಯ ಬೀಡಿ ಸುಡ್ಬೇಕು!" ಎಂದು ಕೂಗಿದೆ. ಎಲ್ಲರೂ ಜೈ ಎಂದರು.

ಆಮೇಲೆ ಜಲಜಳ ಹತ್ತಿರ ಯಾರೂ ಕೂರಲಿಲ್ಲ. ಮಡಚಿದ್ದು ಯಾರೆಂದು ಅವಳಿಗೆ ಗೊತ್ತಿತ್ತು, ಹೇಳಿದಳು ಕೂಡ — ದ್ರೋಹಿಯ ಮಾತು ಯಾರು ಕೇಳುತ್ತಾರೆ? ಅವಳ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಯಾರೂ ಹೋಗಲಿಲ್ಲ. ನಾನು ಹೋದೆ. ಯಾರು ಯಾರು ಬಂದಿಲ್ಲ ಎಂದು ನೋಡಲು.

ಈಗ ದೋಹಾದ ಐನ್ ಖಾಲಿದ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ನಿಶ್ಮಿತಾ ಕಾಲೇಜಿನಲ್ಲಿ ರಾಜಕೀಯ ಓದುತ್ತಾಳೆ. ಮನೆಯ ಹಿರಿಯರ ಹೋರಾಟವನ್ನು ವೀಡಿಯೋ ಮಾಡಿ ತರಲು ಅವಳ ಮೇಡಂ ಹೇಳಿದ್ದರಂತೆ. ಎಲೆಯ ಬದಲು ಖಾಕಿ ಕಾಗದ ಕತ್ತರಿಸಿ, ಹೊಗೆಸೊಪ್ಪಿನ ಬದಲು ಚಹಾಹುಡಿ ತುಂಬಿ, ಬೀಡಿ ಕಟ್ಟುತ್ತ ಫೋನಿನ ಎದುರು ಕೂತೆ. ಒಲೆಗೆ ಸುರಿದ ಕಥೆಯನ್ನೇ ಹೇಳಿದೆ. ದ್ರೋಹಿ ಯಾರಜ್ಜಿ ಎಂದಳು. ಹೆಸರು ಬೇಡ ಎನ್ನಬಹುದಿತ್ತು. ಜಲಜ ಎಂದೆ. ಎರಡನೇ ಸಲ ಅವಳನ್ನು ದ್ರೋಹಿ ಮಾಡಿದೆ — ಅವಳು ಸತ್ತ ಮೇಲೆ.

"ಅಜ್ಜೀ, ನೀವೀಗ ಸ್ಟಾರ್! ಹೊಸ ಬ್ಯಾಚಿಗೂ ನಿಮ್ಮದೇ ವೀಡಿಯೋ ತೋರಿಸ್ತಾರಂತೆ."

ಅದು ಊರವರ ವಾಟ್ಸಾಪ್ ಗುಂಪಿಗೂ ಹೋಯಿತು. ಶುಕ್ರವಾರ ಸಂಜೆ ಸುಮತಿ ಬಂದಳು — ಅಂದು ತೊಟ್ಟಿಲಲ್ಲಿದ್ದ ಜಲಜಳ ಮಗಳು. ಅವಳೂ ಇಲ್ಲೇ ದೋಹಾದಲ್ಲಿ, ಅಲ್ ಹಿಲಾಲ್‌ನ ಹೊಲಿಗೆ ಅಂಗಡಿಯೊಂದರಲ್ಲಿ ದುಡಿಯುತ್ತಾಳೆ. ಕೂರಲಿಲ್ಲ.

"ಅಮ್ಮ ಸಾಯುವವರೆಗೂ ನಿಮ್ಮ ಹೆಸರೇ ಹೇಳ್ತಿದ್ರು ದೊಡ್ಡಮ್ಮ. ನನ್ನ ತೊಟ್ಟಿಲಿಗೆ ಬಂದದ್ದು ನೀವೊಬ್ಬರೇ ಅಲ್ವಾ ಅಂತ ನಾನೇ ಅಮ್ಮನ ಬಾಯಿ ಮುಚ್ಚಿಸ್ತಿದ್ದೆ. ವೀಡಿಯೋದಲ್ಲಿ ನಿಮ್ಮ ಎಡಗೈ ಕಂಡಿತು. ಅಮ್ಮನ ಹೆಸರು ಸರಿ ಮಾಡಿ."

"ಸತ್ತವಳಿಗೆ ಒಳ್ಳೆ ಹೆಸರು ಎಂಥಕ್ಕೆ?" ಎಂದೆ.

"ನನಗೆ ಬೇಕು," ಎಂದು ಹೋದಳು.

ಅಡುಗೆಮನೆಯ ಬಾಗಿಲಲ್ಲಿ ನಿಶ್ಮಿತಾ ನಿಂತಿದ್ದಳು. "ಅವಳಿಗೆ ಹುಚ್ಚು" ಎಂದೆ. ಮೊಮ್ಮಗಳು ತಲೆಯಾಡಿಸಿದಳು. ನಂಬಿಬಿಟ್ಟಳು — ಅಂದು ಓಣಿಯವರು ನಂಬಿದಷ್ಟೇ ಸುಲಭವಾಗಿ...

ಮರುದಿನ ಬೆಳಿಗ್ಗೆ ಅವಳನ್ನು ಎಬ್ಬಿಸಿ ಫೋನು ಹಿಡಿಸಿದೆ. ಮತ್ತೆ ಕಾಗದ, ಚಹಾಹುಡಿ. ಕಟ್ಟಿದ ಬೀಡಿಯನ್ನು ಕ್ಯಾಮೆರಾಕ್ಕೆ ತಾಗುವಷ್ಟು ಹತ್ತಿರ ಹಿಡಿದು ಹೇಳಿದೆ: "ಜಲಜಳ ಮನೆಯಲ್ಲಿ ಸಿಕ್ಕಿದ ಬೀಡಿಗೂ ಇದೇ ಮೂತಿ. ಇಟ್ಟವಳು ನಾನು."

ನಿಶ್ಮಿತಾ ಫೋನು ಇಳಿಸಿದಳು. "ಅಜ್ಜೀ, ಇದು ಹೋದ್ರೆ ಕ್ಲಾಸಲ್ಲಿ ನನ್ನ ಮುಖ—"

"ಕಳಿಸು."

ಅತ್ತಳು. ಕಳಿಸುವವರೆಗೆ ನಾನು ಅವಳ ಎದುರಿನಿಂದ ಏಳಲಿಲ್ಲ. ಮೊದಲು ಸುಮತಿಗೆ, ಆಮೇಲೆ ಮೇಡಂಗೆ.